ಕಾರಿನ ಆಲ್ಟರ್ನೇಟರೋ, 230 ವೋಲ್ಟಿನ ಹೆಡ್ಡೋ? ನನ್ನ ಹಿತ್ತಲಿನ ಜನರೇಟರ್ ಕತೆ

ಕರೆಂಟ್ ಹೋದಾಗ ಹಳೇ ಇಂಜಿನ್ನಿಗೆ ಏನು ಕಟ್ಟಿ ಮನೆಗೆ ಕರೆಂಟ್ ಮಾಡಿಕೊಳ್ಳುವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾರಿನ ಆಲ್ಟರ್ನೇಟರ್‌ಗೆ, ಅಂದರೆ ಕಾರು ಓಡುವಾಗ ಅದರ ಬ್ಯಾಟರಿ ತುಂಬಿಸುವ ಯಂತ್ರಕ್ಕೆ. ಗುಜರಿಯಲ್ಲಿ 1,800 ರೂಪಾಯಿಗೆ ಸಿಕ್ಕ ಹಳೇ ಮಾರುತಿಯದ್ದು. ಅದಕ್ಕೂ ಮುಂಚೆ 8,500 ಕೊಟ್ಟು ತಂದ 3 ಕೆವಿಎ ಹೆಡ್ (ಇಂಜಿನ್ ಇಲ್ಲದ, ಬರೀ ಕರೆಂಟ್ ಹುಟ್ಟಿಸುವ ಜನರೇಟರ್ ಭಾಗ) ಈಗ ಹಿತ್ತಲಲ್ಲಿ ತಾಡಪಾಲು ಹೊದ್ದು ಮಲಗಿದೆ.

ನಾವಿರುವುದು ಗೋವಾದ ಫೋಂಡಾದಲ್ಲಿ. ಮಳೆಗಾಲದಲ್ಲಿ ತಂತಿ ಮೇಲೆ ಒಂದು ತೆಂಗಿನ ಗರಿ ಬಿದ್ದರೆ ಸಾಕು, ಕತ್ತಲೆ. 2021ರ ಮೇ 16ರಂದು ತೌಕ್ತೆ ಚಂಡಮಾರುತ ಕರಾವಳಿ ಸವರಿಕೊಂಡು ಹೋದಾಗ ನಮ್ಮ ಓಣಿಗೆ ಮೂರು ದಿನ ಕರೆಂಟ್ ಇರಲಿಲ್ಲ. ಮನೆಯಲ್ಲಿ ಯುಪಿಎಸ್ ಇತ್ತು, 150 ಎಎಚ್ ಬ್ಯಾಟರಿ ಇತ್ತು. ಮೊದಲ ರಾತ್ರಿಗೇ ಅದು ಕೈ ಎತ್ತಿತು. ಹಳಿಯಾಳದಲ್ಲಿ ಭಾವನ ಹತ್ತಿರ ಹಳೇ ಪಂಪ್‌ಸೆಟ್ಟಿನ 5 ಎಚ್‌ಪಿ ಪೆಟ್ರೋಲ್ ಇಂಜಿನ್ ಸುಮ್ನೆ ಬಿದ್ದಿತ್ತು. ಪಿಕಪ್‌ನಲ್ಲಿ ಹಾಕಿ ಅನಮೋಡ ಘಾಟ್ ಇಳಿಸಿಕೊಂಡು ಬಂದೆ.

ಮೊದಲು ಕಟ್ಟಿದ್ದು ಹೆಡ್. ನೇರವಾಗಿ 230 ವೋಲ್ಟ್ ಬರುತ್ತದೆ, ಇನ್ನೇನು ಬೇಕು ಅನ್ನಿಸಿತ್ತು. ಒಳಗೆ ನಾಲ್ಕು ಕಾಂತಧ್ರುವ (ಪೋಲ್) ಇರುವಂಥದ್ದು, ಮನೆಯ ಕರೆಂಟಿನ ಹಾಗೆ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತನ, ಬರಬೇಕಾದರೆ ನಿಮಿಷಕ್ಕೆ 1500 ಸುತ್ತು ತಿರುಗಲೇಬೇಕು. ಇಂಜಿನ್ 3000. ಹಾಗಾಗಿ ಇಂಜಿನ್‌ಗೆ 3 ಇಂಚಿನ ಪುಲ್ಲಿ (ಬೆಲ್ಟ್ ಓಡುವ ಚಕ್ರ), ಹೆಡ್‌ಗೆ 6 ಇಂಚಿನದು. ಲೆಕ್ಕ ಸರಿಯಾಗಿದೆ, ಅಲ್ವಾ?

ಇಲ್ಲ. ನಾನು ಅಳೆದಿದ್ದು ಪುಲ್ಲಿಯ ಹೊರ ಅಂಚು. ವಿ ಬೆಲ್ಟ್ ಅಂಚಿನ ಮೇಲೆ ಓಡುವುದಿಲ್ಲ, ಪುಲ್ಲಿಯ ತೋಡಿನೊಳಗೆ ಇಳಿದು ಕೂರುತ್ತದೆ. ಎರಡೂ ಪುಲ್ಲಿಯಲ್ಲಿ ಸುಮಾರು 0.4 ಇಂಚು ಕಳೆಯಿರಿ: 2.6 ಮತ್ತು 5.6. ಅಲ್ಲಿಗೆ ಎರಡರಷ್ಟು ಅನ್ನುವ ಲೆಕ್ಕ ಕೆಟ್ಟಿತು. ಹೆಡ್ ತಿರುಗಿದ್ದು 1400ರ ಆಸುಪಾಸು, ಮೀಟರ್ ತೋರಿಸಿದ್ದು 46 ಹರ್ಟ್ಜ್ ಚಿಲ್ಲರೆ. ಫ್ಯಾನ್ ಬೇನೆ ಬಂದವರ ಹಾಗೆ ಗುಂಯ್‌ಗುಡುತ್ತಿತ್ತು.

ಸರಿ, ಇಂಜಿನ್ ವೇಗ ಹಿಡಿದಿಡುವ ಗವರ್ನರ್‌ನ ಸ್ಪ್ರಿಂಗ್ ಸ್ವಲ್ಪ ಎಳೆದೆ. ಲೋಡ್ ಇಲ್ಲದಾಗ 53 ಬಂತು. ಯುಪಿಎಸ್ ‘ಟಕ್’ ಅಂತ ಕರೆಂಟ್ ಒಪ್ಪಿಕೊಂಡಿತು. ಒಪ್ಪಿಕೊಂಡ ಕೂಡಲೇ ಬ್ಯಾಟರಿ ಚಾರ್ಜಿಂಗ್, ಮನೆಯ ಲೋಡ್ ಎರಡೂ ಒಟ್ಟಿಗೆ ಇಂಜಿನ್ ಮೇಲೆ ಬಿದ್ದವು. ಅದು ಕುಗ್ಗಿತು, 47ಕ್ಕೆ ಇಳಿಯಿತು. ಯುಪಿಎಸ್‌ಗೆ ಅದು ಹಿಡಿಸಲಿಲ್ಲ, ‘ಟಕ್’ ಅಂತ ಬಿಟ್ಟುಬಿಟ್ಟಿತು. ಲೋಡ್ ಹೋದ ಮೇಲೆ ಇಂಜಿನ್ ಮತ್ತೆ ಏರಿತು. ಯುಪಿಎಸ್ ಮತ್ತೆ ಒಪ್ಪಿತು. ಟಕ್. ಬಿಟ್ಟಿತು. ಟಕ್. ಮಧ್ಯರಾತ್ರಿ ಎರಡು ಗಂಟೆಗೆ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಸ್ಪ್ರಿಂಗ್ ಜೊತೆ ಗುದ್ದಾಡುತ್ತಿದ್ದರೆ, ಒಳಗಿಂದ ಹೆಂಡತಿ: “ಅದನ್ನ ಬಂದ್ ಮಾಡ್ರಿ, ಕತ್ತಲೇನೇ ಚಲೋ ಇತ್ತು.”

ಫ್ರಿಜ್ ಕತೆಯೂ ಅದೇ. ಕಂಪ್ರೆಸರ್ ಎದ್ದು ನಿಲ್ಲುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಬೆಲ್ಟ್ ಕಿರ್ರ್ ಅಂದಿತು, ಫ್ರಿಜ್ ಗುರ್ ಅಂದು ಸುಮ್ಮನಾಯಿತು.

ಆಮೇಲೆ ಹೊಳೆಯಿತು. ಬ್ಯಾಟರಿ ಇದೆ, 230 ಮಾಡಿಕೊಡುವ ಯುಪಿಎಸ್ ಇದೆ. ನಾನು ಮಾಡಬೇಕಾದದ್ದು ಬ್ಯಾಟರಿ ತುಂಬಿಸುವುದಷ್ಟೇ. ಕಾರಿನ ಆಲ್ಟರ್ನೇಟರ್ ಹುಟ್ಟಿರುವುದೇ ಆ ಕೆಲಸಕ್ಕೆ. ಕಾರು ಸಿಗ್ನಲ್‌ನಲ್ಲಿ ನಿಂತಿರಲಿ, ಹೈವೇಯಲ್ಲಿ ಓಡುತ್ತಿರಲಿ, ಒಳಗಿನ ರೆಗ್ಯುಲೇಟರ್ 14.2 ವೋಲ್ಟಿನ ಹತ್ತಿರ ಹಿಡಿದಿಡುತ್ತದೆ. ಹರ್ಟ್ಜ್ ತಲೆನೋವು ಇಲ್ಲವೇ ಇಲ್ಲ. ಇಂಜಿನ್‌ಗೆ 5 ಇಂಚು, ಆಲ್ಟರ್ನೇಟರ್‌ಗೆ ಎರಡೂವರೆ. ಈ ಸಲ ಅಳತೆ ತಪ್ಪಿದರೂ ಯಾರು ಕೇಳುತ್ತಾರೆ?

ಇಂಜಿನ್ 1800ರಲ್ಲಿ ಓಡಿದರೂ ಸಾಕು, 35 ಆಂಪಿಯರ್ ಬರುತ್ತದೆ. ಅಂದರೆ 500 ವ್ಯಾಟಿನ ಹತ್ತಿರ. ಮೂರು ಫ್ಯಾನ್, ಲೈಟು, ವೈಫೈ, ಮಗಳ ಲ್ಯಾಪ್‌ಟಾಪ್ ನಡೆದು ಇನ್ನೂ ಬ್ಯಾಟರಿಗೆ ಉಳಿಯುತ್ತದೆ. ಸದ್ದು ಕಡಿಮೆ. ಒಂದು ಲೀಟರ್ ಸುಮಾರು ಎರಡು ಗಂಟೆ ಬರುತ್ತದೆ. ಹೆಡ್ ಇದ್ದಾಗ ಒಂದೇ ಗಂಟೆಗೆ ಮುಗಿಯುತ್ತಿತ್ತು.

ಇದರಲ್ಲೂ ಕಿರಿಕ್ ಇದೆ. ಆಲ್ಟರ್ನೇಟರಿನ ಸಣ್ಣ ಟರ್ಮಿನಲ್‌ಗೆ ಕಾರಿನ ಡ್ಯಾಶ್‌ಬೋರ್ಡಿನ ಹಳೇ ಕಾಲದ ಬಲ್ಬ್ ಹಾಕಿದರೆ ಮಾತ್ರ ಚಾರ್ಜ್ ಶುರುವಾಗುತ್ತದೆ. ನಾನು ಎಲ್‌ಇಡಿ ಹಾಕಿ ಅರ್ಧ ದಿನ ಕಳೆದೆ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಬಿಚ್ಚಿದರೆ ಆಲ್ಟರ್ನೇಟರ್ ಒಳಗಿನ ಡಯೋಡ್ ಸುಟ್ಟಂತೆಯೇ. ಪೂರ್ತಿ ಖಾಲಿಯಾದ ಬ್ಯಾಟರಿ ಜಾಸ್ತಿ ಎಳೆಯುತ್ತದೆ, 150 ಎಎಚ್‌ನದಕ್ಕೆ 15 ಆಂಪಿಯರ್ ಆರಾಮ. ಹಾಗಾಗಿ ಮೊದಲ ಅರ್ಧ ಗಂಟೆ ನಿಧಾನಕ್ಕೆ ಓಡಿಸಿ, ಮನೆಯ ಲೋಡ್ ಹಾಕಿಯೇ ಇಡುತ್ತೇನೆ. ಫ್ರಿಜ್ ಆಸೆ ಬಿಡಬೇಕು. ನಮ್ಮಲ್ಲಿ ಮೀನು ಅವತ್ತಿನದು ಅವತ್ತೇ ಮುಗಿಯುತ್ತದೆ, ತೊಂದರೆ ಇಲ್ಲ.

ಎರಡಕ್ಕೂ ಒಂದೇ ಮಾತು: ಒಳಗೆ, ಪಡಸಾಲೆಯಲ್ಲಿ, ಮುಚ್ಚಿದ ಗ್ಯಾರೇಜ್‌ನಲ್ಲಿ ಓಡಿಸಬೇಡಿ. ಇಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹೆಡ್ ಕಟ್ಟುವವರು ಚೇಂಜ್‌ಓವರ್ ಸ್ವಿಚ್ (ಮನೆಗೆ ಒಂದೋ ಲೈನ್, ಇಲ್ಲವೇ ಜನರೇಟರ್, ಒಂದನ್ನೇ ಜೋಡಿಸುವ ಸ್ವಿಚ್) ಇಲ್ಲದೆ ಮನೆಯ ವೈರಿಂಗಿಗೆ ಕೊಡಬೇಡಿ. ನಿಮ್ಮ ಕರೆಂಟ್ ಹೊರಗಿನ ತಂತಿಗೆ ಹರಿದರೆ ಕಂಬದ ಮೇಲಿರುವ ಲೈನ್‌ಮ್ಯಾನ್ ಗತಿ?

ಮೋಟರ್, ಗ್ರೈಂಡರ್ ನಡೆಸಲೇಬೇಕು ಅನ್ನುವವರಿಗೆ ಹೆಡ್ಡೇ ಸರಿ, ಆದರೆ ಇಂಜಿನ್ ಇದಕ್ಕಿಂತ ದೊಡ್ಡದಿರಲಿ. ನನ್ನದು ಬೇಕಿದ್ದರೆ 6,000ಕ್ಕೆ ಒಯ್ಯಿರಿ. 6 ಇಂಚಿನ ಪುಲ್ಲಿ ಫ್ರೀ. ಅಳತೆ ಮಾತ್ರ ನೀವೇ ನೋಡಿಕೊಳ್ಳಿ.