ಹಸುಗಳ ದ್ವೀಪದಲ್ಲಿ ಹಾಲಿಲ್ಲದ ಐಸ್‌ಕ್ರೀಂ: ಪ್ಯಾರಿಸ್ಸಿನ ಬೆರ್ತಿಯೋಂ

ಪ್ಯಾರಿಸ್ಸಿನ ಸೇಂ ಲೂಯಿ ದ್ವೀಪದಲ್ಲಿರುವ ಬೆರ್ತಿಯೋಂ ಐಸ್‌ಕ್ರೀಂ ಅಂಗಡಿ ಸೋಮವಾರ ಮತ್ತು ಮಂಗಳವಾರ ಬಾಗಿಲು ತೆರೆಯುವುದಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ವಿಚಾರಿಸಿಕೊಳ್ಳದೆ, ಜೂನ್ ತಿಂಗಳ ಒಂದು ಸೋಮವಾರ ಮಧ್ಯಾಹ್ನ ಅಮ್ಮನನ್ನು ಕರೆದುಕೊಂಡು ಮೆಟ್ರೋದ ಏಳನೇ ಮಾರ್ಗದ ಪೋಂ ಮಾರಿ ನಿಲ್ದಾಣದಲ್ಲಿ ಇಳಿದು, ಸೇತುವೆ ದಾಟಿ, ಮುಚ್ಚಿದ ಬಾಗಿಲ ಮುಂದೆ ಹೋಗಿ ನಿಂತೆ. ತಪ್ಪು ಪೂರ್ತಿಯಾಗಿ ನನ್ನದೇ. ಆಮೇಲೆ ತಿಳಿದುಬಂದ ಇನ್ನೊಂದು ವಿಷಯವೆಂದರೆ, ಈ ಅಂಗಡಿಯವರು ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ರಜೆ ಹಾಕಿಬಿಡುತ್ತಾರೆ. ಬಿಸಿಲೇರಿದ ಕಾಲಕ್ಕೇ ಐಸ್‌ಕ್ರೀಂ ಅಂಗಡಿ ಮುಚ್ಚುವುದು, ಕೊಡೆ ಮಾರುವವನು ಮಳೆಗಾಲದಲ್ಲಿ ಊರು ಬಿಟ್ಟು ಹೋದಂತೆ. ಆದರೂ ವ್ಯಾಪಾರ ಎಪ್ಪತ್ತು ವರ್ಷದಿಂದ ನಡೆದುಕೊಂಡು ಬಂದಿದೆ ಎಂದಮೇಲೆ ತಿನ್ನಲೇಬೇಕೆಂಬ ಹಟ ನನಗೂ ಬಂತು. ನಮ್ಮ ಪ್ರವಾಸದಲ್ಲಿ ಇನ್ನೂ ಆರು ದಿನ ಉಳಿದಿದ್ದುದರಿಂದ ಒಟ್ಟು ಮೂರು ಸಲ ಅಲ್ಲಿಗೆ ಹೋಗಿಬರಲು ಸಾಧ್ಯವಾಯಿತು.

ಹೆಸರಿನ ಬಗ್ಗೆ ಒಂದು ಮಾತು. ಫ್ರೆಂಚ್ ಬರವಣಿಗೆಯಲ್ಲಿ ಎರಡು 'ಲ'ಕಾರಗಳು ಕಾಣುವುದರಿಂದ ನಮ್ಮವರು ಇದನ್ನು 'ಬರ್ತಿಲ್ಲಾನ್' ಎಂದು ಓದುವುದುಂಟು. ಅಲ್ಲಿನವರ ಬಾಯಲ್ಲಿ ಅದು 'ಬೆರ್ತಿಯೋಂ'. ಸ್ಥಾಪಕರಾದ ರೇಮೋಂ ಬೆರ್ತಿಯೋಂ ಅವರು ತಮ್ಮ ಅತ್ತೆಯವರಿಗೆ ಸೇರಿದ್ದ ಒಂದು ಸಣ್ಣ ಹೋಟೆಲು-ಕೆಫೆಯಲ್ಲಿ 1954ರಲ್ಲಿ ಐಸ್‌ಕ್ರೀಂ ಮಾಡಲು ಆರಂಭಿಸಿದರು. 1961ರಲ್ಲಿ ಆಂರಿ ಗೋ ಮತ್ತು ಕ್ರಿಸ್ತಿಯಾಂ ಮಿಯೋ ಎಂಬ ಆಹಾರ ವಿಮರ್ಶಕರು, ದ್ವೀಪದ ಮೂಲೆಯ ಕೆಫೆಯೊಂದರಲ್ಲಿ ಅಡಗಿಕೊಂಡಿರುವ ಈ ಐಸ್‌ಕ್ರೀಂ ತಯಾರಕರನ್ನು ಹೊಗಳಿ ಬರೆದ ಮೇಲೆ ಊರಿನವರೆಲ್ಲ ಸೇತುವೆ ದಾಟಿ ಬರತೊಡಗಿದರು. ರೇಮೋಂ 2014ರಲ್ಲಿ ತೀರಿಕೊಂಡರು. ಕುಟುಂಬದವರು ಇಂದಿಗೂ ದ್ವೀಪದ ಮುಖ್ಯ ಬೀದಿಯ 29-31ನೇ ನಂಬರಿನ ಅದೇ ಜಾಗದಲ್ಲಿ ಅಂಗಡಿ ನಡೆಸುತ್ತಿದ್ದಾರೆ.

ಆ ಜಾಗವನ್ನು ಬಿಟ್ಟು ಈ ಐಸ್‌ಕ್ರೀಮಿನ ಬಗ್ಗೆ ಬರೆಯುವುದು ಕಷ್ಟ. ಸೇನ್ ನದಿಯ ನಡುವೆ ಇರುವ ಸೇಂ ಲೂಯಿ ದ್ವೀಪ ಮೊದಲು ಒಂದೇ ದ್ವೀಪವಾಗಿರಲಿಲ್ಲ. ಎರಡು ನಡುಗಡ್ಡೆಗಳಿದ್ದು, ಅವುಗಳಲ್ಲಿ ಒಂದಕ್ಕೆ 'ಹಸುಗಳ ದ್ವೀಪ' ಎಂದೇ ಹೆಸರಿತ್ತು. ಅಲ್ಲಿ ದನ ಮೇಯುತ್ತಿದ್ದವು. ಹದಿನೇಳನೇ ಶತಮಾನದಲ್ಲಿ ಕ್ರಿಸ್ತೋಫ್ ಮಾರಿ ಎಂಬ ಗುತ್ತಿಗೆದಾರ ಎರಡನ್ನೂ ಸೇರಿಸಿ, ದಂಡೆ ಕಟ್ಟಿಸಿ, ಮನೆಗಳಿಗೆ ನಿವೇಶನ ಮಾಡಿದ. ನಾವು ದಾಟಿಬಂದ, 1635ರಲ್ಲಿ ಮುಗಿದ ಸೇತುವೆಗೆ ಅವನದೇ ಹೆಸರು. ಈಗ ದ್ವೀಪದ ಉದ್ದಕ್ಕೂ ಒಂದೇ ಮುಖ್ಯ ಬೀದಿ, ಎರಡೂ ಕಡೆ ಹಳೆಯ ಕಲ್ಲಿನ ಮನೆಗಳು, ಅದೇ ಬೀದಿಗೆ ಚಾಚಿಕೊಂಡಂತೆ ಗಡಿಯಾರ ನೇತುಹಾಕಿರುವ ಒಂದು ಚರ್ಚು. ಹಸು ಮೇಯುತ್ತಿದ್ದ ನೆಲದಲ್ಲಿ ಐಸ್‌ಕ್ರೀಂ ಹುಟ್ಟಿದ್ದು ಸರಿಯೇ ಎಂದು ನಾನು ಅಂದುಕೊಂಡೆ. ಆದರೆ ಅಲ್ಲಿ ನಮಗೆ ಅತ್ಯಂತ ಹಿಡಿಸಿದ ತಿನಿಸಿನಲ್ಲಿ ಒಂದು ತೊಟ್ಟು ಹಾಲೂ ಇರಲಿಲ್ಲ.

ಬುಧವಾರ ನಾವು ಮತ್ತೆ ಹೋದಾಗ ಸಾಲಿನಲ್ಲಿ ನಮಗಿಂತ ಮುಂದೆ ಸುಮಾರು ಇಪ್ಪತ್ತು ಜನ ಇದ್ದರು. ಇಲ್ಲಿ ಎರಡು ವ್ಯವಸ್ಥೆಗಳಿವೆ: ಒಳಗೆ ಕುಳಿತು ತಿನ್ನುವ ಕೋಣೆ ಒಂದು, ಬೀದಿಯಲ್ಲೇ ನಿಂತು ಕಟ್ಟಿಸಿಕೊಂಡು ಹೋಗುವ ಕಿಟಕಿ ಇನ್ನೊಂದು. ಸಾಲು ಇದ್ದದ್ದು ಕಿಟಕಿಗೆ. ಮಾರುವವರ ಮುಖ ನೋಡಿದ ಕೂಡಲೇ 'ಬೋಂಜೂರ್' ಎನ್ನಬೇಕು. ಈ ಊರಿನಲ್ಲಿ ನಮಸ್ಕಾರ ಹೇಳದೆ ಬೇಕಾದದ್ದನ್ನು ಕೇಳುವುದು ಒರಟುತನವೆನಿಸುತ್ತದೆ. ನಂತರ ಎಷ್ಟು 'ಬೂಲ್', ಅಂದರೆ ಎಷ್ಟು ಉಂಡೆ ಎಂದು ಹೇಳಬೇಕು. ಕೋನಿನಲ್ಲೋ ಕಪ್ಪಿನಲ್ಲೋ ಎಂಬುದಕ್ಕೆ 'ಕೋರ್ನೆ' ಅಥವಾ 'ಪೋ' ಎಂದರೆ ಸಾಕು. ರುಚಿಗಳ ಪಟ್ಟಿ ಫಲಕದ ಮೇಲಿರುತ್ತದೆ. ಸಾಲಿನಲ್ಲಿರುವಾಗಲೇ ಅದನ್ನು ಓದಿ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಸರದಿ ಬಂದ ಮೇಲೆ ಯೋಚಿಸುತ್ತ ನಿಂತರೆ ಹಿಂದಿನವರ ಉಸಿರು ಕುತ್ತಿಗೆಗೆ ತಾಗುತ್ತದೆ. ಉಂಡೆಗಳು ಚಿಕ್ಕವು. ದೊಡ್ಡ ನಿಂಬೆಹಣ್ಣಿನಷ್ಟಿರುವ ಉಂಡೆಯನ್ನು ನೋಡಿ, ಇದಕ್ಕೇ ಇಷ್ಟು ಹಣವೇ ಎಂದು ಹೊಸಬರಿಗೆ ಅನ್ನಿಸದೆ ಇರದು, ನನಗೂ ಅನ್ನಿಸಿತು.

ಫಲಕದ ಮುಂದೆ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಮೊಟ್ಟೆ ಹಾಕಿರಲ್ಲ ತಾನೇ?" ಎಂದು. ಸಸ್ಯಾಹಾರಿಗಳಾದ ನಮ್ಮ ಓದುಗರಿಗೂ ಈ ಪ್ರಶ್ನೆ ಮುಖ್ಯವಾದದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫ್ರಾನ್ಸಿನ ಸಾಂಪ್ರದಾಯಿಕ ಐಸ್‌ಕ್ರೀಮಿಗೆ ಆಧಾರ ಹಾಲು, ಕೆನೆ, ಸಕ್ಕರೆ ಮತ್ತು ಮೊಟ್ಟೆಯ ಹಳದಿ; ಬೆರ್ತಿಯೋಂನವರದೂ ಅದೇ ಪದ್ಧತಿ. ಕೃತಕ ಸಂರಕ್ಷಕಗಳನ್ನಾಗಲಿ ಮಂದಗೊಳಿಸುವ ಪುಡಿಗಳನ್ನಾಗಲಿ ಬಳಸದೆ, ಹಳದಿಯ ಗುಣದಿಂದಲೇ ಕೆನೆಯ ಜಿಡ್ಡು ಮತ್ತು ನೀರು ಬೇರ್ಪಡದಂತೆ ಹಿಡಿದಿಡುತ್ತಾರೆ. ಆದರೆ ಫಲಕದ ಇನ್ನೊಂದು ಭಾಗದಲ್ಲಿ 'ಸೋರ್ಬೆ' ಎಂಬ ತಲೆಬರಹದ ಕೆಳಗಿರುವವು ಹಣ್ಣು, ಸಕ್ಕರೆ ಮತ್ತು ನೀರಿನಿಂದ ಮಾಡಿದವು. ಅವುಗಳಲ್ಲಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಹೆಂಡ ಸೇರಿಸಿದ ರುಚಿಗಳೂ ಕೆಲವು ಇರುವುದರಿಂದ ಅನುಮಾನವಿದ್ದವರು ಕಿಟಕಿಯಲ್ಲಿ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಲಿ. ಹೀಗೆ ಮೊಟ್ಟೆಯ ಕಾರಣದಿಂದ ನಾವು ಸೋರ್ಬೆಯ ಕಡೆಗೆ ತಿರುಗಿದೆವು. ಅಮ್ಮನ ಈ ನಿರ್ಬಂಧವಿರದಿದ್ದರೆ ನಾನು ಅಭ್ಯಾಸಬಲದಿಂದ ಕೆನೆಯದನ್ನೇ ಕೊಂಡು, ಒಂದು ಒಳ್ಳೆಯ ಐಸ್‌ಕ್ರೀಂ ತಿಂದೆನೆಂಬ ಸಮಾಧಾನದಲ್ಲಿ ಹಿಂತಿರುಗುತ್ತಿದ್ದೆ.

ಅಮ್ಮ ತೆಗೆದುಕೊಂಡದ್ದು 'ಫ್ರೇಜ್ ದೆ ಬ್ವಾ', ಅಂದರೆ ಕಾಡು ಸ್ಟ್ರಾಬೆರಿ. ಪೇಟೆಯಲ್ಲಿ ಸಿಗುವ ದೊಡ್ಡ ಸ್ಟ್ರಾಬೆರಿಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಹೋಲಿಕೆ ಕಡಿಮೆ. ಕಿರುಬೆರಳ ಉಗುರಿನಷ್ಟಿರುವ ಈ ಹಣ್ಣು ಮುಟ್ಟಿದರೆ ಜಜ್ಜಿಹೋಗುವಷ್ಟು ಮೃದು. ದೂರ ಸಾಗಿಸಲು ಬಾರದು. ಆದರೆ ಪರಿಮಳ ಮಾತ್ರ ಗಾತ್ರಕ್ಕೆ ಮೀರಿದ್ದು. ಉಂಡೆಯ ಬಣ್ಣ ಗಾಢವಾದ ಕೆಂಪು, ಮೇಲ್ಮೈ ತುಸು ಒರಟು, ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಬೀಜಗಳು. ನಾಲಗೆಗೆ ತಾಗಿದಾಗ ಮೊದಲು ತಣ್ಣನೆಯ ಹುಳಿಯಷ್ಟೇ ತಿಳಿಯುತ್ತದೆ. ಎರಡು ಕ್ಷಣ ಬಿಟ್ಟು, ಅದು ಕರಗಿ ಅಂಗುಳಕ್ಕೆ ಹರಡಿದಾಗ, ಹಣ್ಣಿನ ವಾಸನೆ ಮೂಗಿನ ಹಿಂದಿನಿಂದ ಏರಿಬರುತ್ತದೆ. ಬೀಜಗಳು ಹಲ್ಲಿನ ಸಂದಿಯಲ್ಲಿ ಸಿಕ್ಕಿ ಪಟಪಟನೆ ಒಡೆಯುತ್ತವೆ. ಅಮ್ಮ ಸಾಮಾನ್ಯವಾಗಿ ತಿನಿಸಿನ ಬಗ್ಗೆ ಮಾತಾಡುವವರಲ್ಲ. ಅರ್ಧ ಉಂಡೆ ಮುಗಿಯುವವರೆಗೂ ಏನೂ ಹೇಳದೆ, ಕೊನೆಗೆ ಕಪ್ಪಿನ ತಳದಲ್ಲಿ ಉಳಿದ ಕೆಂಪು ನೀರನ್ನು ಚಮಚದಿಂದ ಕೆರೆದು ಕುಡಿದರು.

ಇದರಲ್ಲಿ ಮಾಯವೇನೂ ಇಲ್ಲ, ಕಸುಬಿದೆ. ಕೆನೆಯ ಕೊಬ್ಬು ನಾಲಗೆಯ ಮೇಲೆ ಪದರವಾಗಿ ಕುಳಿತು ರುಚಿಯನ್ನು ನಿಧಾನವಾಗಿ ಬಿಡುತ್ತದೆ. ಕೊಬ್ಬಿಲ್ಲದ ಸೋರ್ಬೆಯಲ್ಲಿ ಹಣ್ಣು ನೇರವಾಗಿ ಎದುರಾಗುತ್ತದೆ, ಹಣ್ಣು ಸಪ್ಪೆಯಾಗಿದ್ದರೆ ಅದನ್ನು ಮುಚ್ಚಿಡಲು ಏನೂ ಇರುವುದಿಲ್ಲ. ಸಕ್ಕರೆಯ ಲೆಕ್ಕವೂ ಅಷ್ಟೇ ಸೂಕ್ಷ್ಮ. ಅದು ಸಿಹಿಗಾಗಿ ಮಾತ್ರ ಇರುವುದಲ್ಲ, ನೀರು ಹೆಪ್ಪುಗಟ್ಟುವ ಉಷ್ಣತೆಯನ್ನೂ ಕೆಳಗಿಳಿಸುತ್ತದೆ; ಕಡಿಮೆಯಾದರೆ ಉಂಡೆ ಮಂಜುಗಲ್ಲಾಗುತ್ತದೆ, ಹೆಚ್ಚಾದರೆ ಕೈ ಮೇಲೆ ಸೋರಿ ಹಣ್ಣಿನ ಹುಳಿಯನ್ನೂ ನುಂಗಿಬಿಡುತ್ತದೆ. ನಾನು ತಿಂದ ಕಾಸಿಸ್ ಸೋರ್ಬೆ, ಅಂದರೆ ಕಪ್ಪು ಕರಂಟ್ ಹಣ್ಣಿನದು, ಕಣ್ಣು ಕಿರಿದಾಗುವಷ್ಟು ಹುಳಿಯಾಗಿತ್ತು. ಆ ಹುಳಿಯನ್ನು ಸಕ್ಕರೆ ಹಾಕಿ ಸಾಧುಗೊಳಿಸದೆ ಹಾಗೆಯೇ ಬಿಟ್ಟ ಧೈರ್ಯ ನನಗೆ ಮೆಚ್ಚಿಗೆಯಾಯಿತು. ತುಟಿಯ ನೇರಳೆ ಬಣ್ಣ ಸಂಜೆಯವರೆಗೂ ಹೋಗಲಿಲ್ಲ.

ಇನ್ನೊಂದು ಹೆಸರುವಾಸಿ ರುಚಿ, ತೀರ ಕಹಿಯಾದ ಕೋಕೋ ಸೋರ್ಬೆ. ಹಾಲಿಲ್ಲದ ಚಾಕೊಲೇಟ್ ಹೇಗಿದ್ದೀತು ಎಂಬ ಅನುಮಾನದಿಂದಲೇ ಎರಡನೇ ಸಲ ಹೋದಾಗ ಅದನ್ನು ಕೊಂಡೆ. ಕಣ್ಣಿಗೆ ಹೆಚ್ಚು ಕಡಿಮೆ ಕಪ್ಪು. ಬಾಯಲ್ಲಿ ಕೆನೆಯಿದೆಯೇನೋ ಎಂಬಷ್ಟು ನುಣುಪು. ಕೊನೆಯಲ್ಲಿ ಡಿಕಾಕ್ಷನ್ನಿನಂಥ ಕಹಿ. ಮಕ್ಕಳಿಗೆ ಹಿಡಿಸಲಾರದು. ಮೊಟ್ಟೆ ನನಗೆ ವರ್ಜ್ಯವಲ್ಲವಾದ್ದರಿಂದ ಅಂದೇ ಉಪ್ಪು ಬೆಣ್ಣೆಯ ಕ್ಯಾರಮೆಲ್ ಐಸ್‌ಕ್ರೀಮನ್ನೂ ನೋಡಿದೆ. ಅದು ಚೆನ್ನಾಗಿಯೇ ಇತ್ತು, ಸಕ್ಕರೆಯನ್ನು ಕರಟುವ ಅಂಚಿನವರೆಗೆ ಒಯ್ದು ನಿಲ್ಲಿಸಿದ ಹದ ಕಾಣುತ್ತಿತ್ತು. ಆದರೂ ಸಾಲು ನಿಂತು ತಿನ್ನುವುದಾದರೆ ನನ್ನ ಆಯ್ಕೆ ಸೋರ್ಬೆಯೇ. ಒಳ್ಳೆಯ ಕೆನೆಯ ಐಸ್‌ಕ್ರೀಂ ಪ್ಯಾರಿಸ್ಸಿನಲ್ಲಿ ಬೇರೆ ಕಡೆಯೂ ಸಿಗುತ್ತದೆ.

ಹಾಗೆಂದು ಎಲ್ಲೆಡೆಯೂ ಸಿಗುತ್ತದೆ ಎಂದು ತಿಳಿಯಬೇಡಿ. ನಡುವಿನ ಗುರುವಾರ, ಪ್ರವಾಸಿಗರು ಕಿಕ್ಕಿರಿದ ಇನ್ನೊಂದು ಬಡಾವಣೆಯಲ್ಲಿ ಕಾಲು ಸೋತು ಹೆಸರು ಬೇಡದ ಒಂದು ಅಂಗಡಿಗೆ ನುಗ್ಗಿದ್ದೆವು. ಟ್ರೇಗಳಿಂದ ಒಂದು ಗೇಣು ಎತ್ತರಕ್ಕೆ ಗುಡ್ಡೆ ಹಾಕಿದ ಐಸ್‌ಕ್ರೀಂ, ಅದರ ಮೇಲೆ ಅಲಂಕಾರ, ಗಿಳಿಹಸಿರು ಬಣ್ಣದ ಪಿಸ್ತಾ. ಅರೆದ ಪಿಸ್ತಾ ಕಂದು ಬೆರೆತ ಮಂಕು ಹಸಿರಾಗುತ್ತದೆಯೇ ಹೊರತು ಗಿಳಿಯ ರೆಕ್ಕೆಯಂತೆ ಹೊಳೆಯುವುದಿಲ್ಲ. ಅಷ್ಟೆತ್ತರ ಕುಸಿಯದೆ ನಿಲ್ಲಬೇಕಾದರೆ ಮಂದಗೊಳಿಸುವ ಪದಾರ್ಥಗಳೂ ಧಾರಾಳವಾಗಿ ಗಾಳಿಯೂ ಬೇಕು. ಅಗ್ಗದ ಐಸ್‌ಕ್ರೀಮಿನಲ್ಲಿ ಹತ್ತಿರ ಹತ್ತಿರ ಅರ್ಧ ಗಾತ್ರ ಗಾಳಿಯದೇ ಇರಬಹುದು. ಅಲ್ಲಿನ ಉಂಡೆ ಬೆರ್ತಿಯೋಂನದಕ್ಕಿಂತ ಎರಡರಷ್ಟು ದೊಡ್ಡದಿತ್ತು, ಕೈಯಲ್ಲಿ ಹಗುರವಾಗಿತ್ತು, ನಾವು ಅದನ್ನು ಮುಗಿಸಲಿಲ್ಲ. ದ್ವೀಪದ ಆ ಚಿಕ್ಕ ಉಂಡೆಯ ಬೆಲೆಯ ಬಗ್ಗೆ ನನಗಿದ್ದ ತಕರಾರು ಅಲ್ಲಿಗೆ ಮುಗಿಯಿತು.

ಒಳಗಿನ ಕೋಣೆಯಲ್ಲಿ ಕೂರುವುದಕ್ಕೆ ಶುಕ್ರವಾರ ಒಮ್ಮೆ ಹೋಗಿದ್ದೆವು. ಅಲ್ಲಿ ಬಟ್ಟಲಲ್ಲಿ ಜೋಡಿಸಿ ತಂದುಕೊಡುತ್ತಾರೆ, ಕಾಫಿಯೂ ಸಿಗುತ್ತದೆ, ಬೆಲೆ ಕಿಟಕಿಗಿಂತ ಸಾಕಷ್ಟು ಹೆಚ್ಚು. ಮಂಡಿ ನೋವಿರುವವರಿಗೆ ಅಥವಾ ಮಳೆಯ ದಿನಕ್ಕೆ ಆ ಹಣ ಸಲ್ಲುತ್ತದೆ. ಬಿಸಿಲಿದ್ದರೆ ಕಪ್ಪು ಹಿಡಿದು ಬೀದಿಯ ಪಶ್ಚಿಮದ ತುದಿಗೆ ನಡೆಯುವುದೇ ಮೇಲು. ಅಲ್ಲಿ ಸೇಂ ಲೂಯಿ ಸೇತುವೆಯ ಮೇಲೆ ವಾಹನ ಓಡಾಟವಿಲ್ಲ, ಯಾರಾದರೂ ವಾದ್ಯ ನುಡಿಸುತ್ತಿರುತ್ತಾರೆ, ಎದುರಿಗೆ ನೋತ್ರ್ ದಾಮ್ ಇಗರ್ಜಿಯ ಹಿಂಭಾಗ ಕಾಣುತ್ತದೆ. ಅಂಗಡಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ. ಜೂನ್ ತಿಂಗಳಲ್ಲಿ ಹತ್ತು ಗಂಟೆಯ ಹತ್ತಿರದವರೆಗೂ ಬೆಳಕಿರುವುದರಿಂದ, ಇನ್ನೂ ಸಂಜೆಯೇ ಎಂದುಕೊಂಡು ತಡಮಾಡಿದವರಿಗೆ ಬಾಗಿಲು ಹಾಕಿರುತ್ತದೆ. ಆಗಸ್ಟಿನಲ್ಲಿ ಹೋಗುವವರೂ ನಿರಾಶರಾಗಬೇಕಿಲ್ಲ. ದ್ವೀಪದ ಹಲವು ಕೆಫೆಗಳು ಇದೇ ಐಸ್‌ಕ್ರೀಮನ್ನು ತಂದು ಮಾರುತ್ತವೆ, ಹೊರಗೆ ಹೆಸರಿನ ಫಲಕ ತೂಗುಹಾಕಿರುತ್ತವೆ.

ಭಾನುವಾರ, ಹೊರಡುವ ಮುನ್ನಾದಿನ, ಬೆಳಿಗ್ಗೆ ಹತ್ತೂಕಾಲಿಗೆ ಹೋದಾಗ ನಮಗಿಂತ ಮುಂದೆ ಮೂವರೇ ಇದ್ದರು. ರುಚಿಗಳು ದಿನದಿನಕ್ಕೆ ಬದಲಾಗುತ್ತವೆ. ಅಂದಿನ ಫಲಕದಲ್ಲಿ ಕಾಡು ಸ್ಟ್ರಾಬೆರಿ ಇರಲಿಲ್ಲ. ಅಮ್ಮ ನನ್ನಿಂದ ಪಟ್ಟಿಯನ್ನು ಎರಡು ಸಲ ಓದಿಸಿದರು, ಪೇರು ಹಣ್ಣಿನದನ್ನು ತೆಗೆದುಕೊಂಡರು, ಸೇತುವೆಯ ತನಕ ನಡೆದು ಅದನ್ನು ಪೂರ್ತಿ ತಿಂದ ಮೇಲೆ, "ಬುಧವಾರದ್ದೇ ಚೆನ್ನಾಗಿತ್ತು," ಎಂದರು.