ಅತಿಥಿ ಖಾತೆ ಸೇವೆ: ಆರು ವರ್ಷ ಬಳಸಿದವಳ ಅನುಭವ

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮೂರನ್ನೂ ಮನಸಾರೆ ಕೊಟ್ಟಿದ್ದೇನೆ. ಉಳಿದ ಎರಡು ಯಾಕಿಲ್ಲ ಅಂತ ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ವಿಭಾಗದ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹುಟ್ಟಿದೂರು ಕರ್ನಾಟಕದ ಸಾಗರದ ಹತ್ತಿರ. ಸಂಬಳದ ಪಟ್ಟಿಯಲ್ಲಿ ಇಲ್ಲದವರಿಗೆ ಲಾಗಿನ್ ಮಾಡಿಸಿಕೊಡುವುದು ನನ್ನ ಕೆಲಸಗಳಲ್ಲಿ ಒಂದು. ಈಗ ನಮ್ಮಲ್ಲಿ ಇಂಥವರು 41 ಜನ ಇದ್ದಾರೆ. ವಿನಿಮಯ ಕಾರ್ಯಕ್ರಮದ ಜೆ-1 ವೀಸಾದಲ್ಲಿ ಬಂದ ಸಂಶೋಧಕರು, ನಿವೃತ್ತಿಯಾದರೂ ದಿನಾ ಬೆಳಗ್ಗೆ ಬರುವ ಪ್ರೊಫೆಸರ್‌ಗಳು, ಒಣಗಿದ ಎಲೆಗಳನ್ನು ಹಾಳೆಗೆ ಅಂಟಿಸಿಕೊಡುವ ಸ್ವಯಂಸೇವಕರು, ಫ್ರೀಜರ್ ರಿಪೇರಿ ಕಂಪನಿಯವರು. ಇವರು ವಿದ್ಯಾರ್ಥಿಗಳೂ ಅಲ್ಲ, ನೌಕರರೂ ಅಲ್ಲ. ಆದರೆ ಇವರಿಗೂ ಬಾಗಿಲು ತೆರೆಯಬೇಕು, ವೈಫೈ ಬೇಕು, ಪುಸ್ತಕಾಲಯ ಬೇಕು. ಅದಕ್ಕೆ ನಮ್ಮ ಐಟಿಯವರು ನಡೆಸುವ ಸೇವೆಯೇ ಈ ಅತಿಥಿ ಖಾತೆ.

ಕ್ರಮ ಸರಳವಾಗಿದೆ. ವಿಶ್ವವಿದ್ಯಾಲಯದ ನೌಕರರೊಬ್ಬರು ಸ್ಪಾನ್ಸರ್ ಆಗಿ, ಅಂದರೆ ಅತಿಥಿಯ ಜವಾಬ್ದಾರಿ ಹೊತ್ತು ನಿಲ್ಲಬೇಕು. ಅತಿಥಿಯ ಹೆಸರು, ಹುಟ್ಟಿದ ದಿನ, ಸ್ವಂತ ಇಮೇಲ್, ಬರುವ ಕಾರಣ, ಎಲ್ಲಿಯವರೆಗೆ ಇರುತ್ತಾರೆ, ಇಷ್ಟು ತುಂಬಿದರೆ ಅರ್ಜಿ ಮುಗಿಯಿತು. ಹೆಚ್ಚೆಂದರೆ ಒಂದು ವರ್ಷದ ಅವಧಿ ಸಿಗುತ್ತದೆ. ಸಾಮಾನ್ಯವಾಗಿ ಮರುದಿನದೊಳಗೆ ಒಪ್ಪಿಗೆ ಬರುತ್ತದೆ. ಅತಿಥಿಗೆ ಒಂದು ಲಿಂಕ್ ಹೋಗುತ್ತದೆ, ಪಾಸ್‌ವರ್ಡನ್ನು ಅವರೇ ಇಟ್ಟುಕೊಳ್ಳುತ್ತಾರೆ. ನಾನು ಸೇರಿದ ಹೊಸದರಲ್ಲಿ ಇದೆಲ್ಲ ಕಾಗದದಲ್ಲಿ ನಡೆಯುತ್ತಿತ್ತು, ಎರಡು ವಾರ ಹಿಡಿಯುತ್ತಿತ್ತು. ಈ ವೇಗಕ್ಕೇ ಒಂದು ಅಂಕ ಕೊಡಬಹುದು.

ಇನ್ನೊಂದು ಅಂಕ ಗಡುವಿಗೆ. ಪ್ರತಿ ಖಾತೆಗೂ ಕೊನೆಯ ದಿನ ಇರಲೇಬೇಕು ಅನ್ನುವ ನಿಯಮದ ಬಗ್ಗೆ ನಮ್ಮ ಪ್ರೊಫೆಸರ್‌ಗಳು ಗೊಣಗುತ್ತಾರೆ, ನಾನು ಗೊಣಗುವುದಿಲ್ಲ. 2013ರಲ್ಲಿ ಇಲ್ಲಿನ ಟಾರ್ಗೆಟ್ ಅಂಗಡಿಗಳಿಂದ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕಳುವಾಯಿತು. ಕಳ್ಳರು ಒಳಗೆ ಬಂದದ್ದು ಹೊರಗಿನ ಫ್ರಿಜ್-ಏಸಿ ಗುತ್ತಿಗೆದಾರರ ಲಾಗಿನ್ ಕದ್ದು. ನಮ್ಮ ಫ್ರೀಜರ್ ರಿಪೇರಿಯವರ ಅರ್ಜಿ ತುಂಬುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಬಿಟ್ಟು ಹೋದವರ ಖಾತೆ ಸುಮ್ನೆ ತೆರೆದೇ ಬಿದ್ದಿರಬಾರದು, ಅಲ್ವಾ?

ಈಗ ಹಿಡಿದಿಟ್ಟ ಎರಡು ಅಂಕಗಳ ವಿಷಯಕ್ಕೆ ಬರುತ್ತೇನೆ.

2023ರ ಜುಲೈ 1, ಶನಿವಾರ. ಧಾರವಾಡ ಕಡೆಯ ಒಬ್ಬ ಸಂಶೋಧಕಿ ಆ ವರ್ಷ ನಮ್ಮಲ್ಲಿದ್ದರು. ಹಿಂಗಾರಿ ಜೋಳದ ಮೇಲೆ ಅವರ ಕೆಲಸ. ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ತೇವದಲ್ಲೇ ಬದುಕುವ ಬೆಳೆ ಅದು. ನೀರು ನಿಲ್ಲಿಸಿದ ಮೇಲೆ ಯಾವ ಗಿಡ ಎಷ್ಟು ನೀರು ಕಳೆದುಕೊಳ್ಳುತ್ತದೆ ಅಂತ ನೋಡಲು 48 ಕುಂಡಗಳನ್ನು ದಿನಾ ಬೆಳಗ್ಗೆ ಏಳಕ್ಕೆ ತೂಗುತ್ತಿದ್ದರು. ಒಂದು ದಿನ ತಪ್ಪಿದರೆ ಆ ಇಡೀ ಸಾಲಿನ ಲೆಕ್ಕ ಕೆಡುತ್ತದೆ.

ಏಳೂವರೆಗೆ ಫೋನ್ ಬಂತು. "ಕಾರ್ಡ್ ತಾಗಿಸಿದ್ರ ಕೆಂಪು ದೀಪಾ ಬರಾಕತ್ತೇತ್ರಿ" ಅಂದರು. ಅವರ ದನಿ ನಡುಗುತ್ತಿತ್ತು. ಹಿಂದಿನ ರಾತ್ರಿ, ಜೂನ್ 30ಕ್ಕೆ, ಅವರ ಖಾತೆಯ ಅವಧಿ ಮುಗಿದಿತ್ತು. ನಮ್ಮಲ್ಲಿ ಹಣಕಾಸು ವರ್ಷ ಮುಗಿಯುವುದು ಆ ದಿನವೇ, ಹಾಗಾಗಿ ಜಾಸ್ತಿ ಖಾತೆಗಳಿಗೆ ಅದೇ ಗಡುವು. ಅವರ ವಾಸ್ತವ್ಯದ ಅವಧಿ ಡಿಸೆಂಬರ್‌ವರೆಗೆ ವಿಸ್ತರಣೆಯಾಗಿತ್ತು. ವೀಸಾಕ್ಕೆ ಆಧಾರವಾದ ಡಿಎಸ್-2019 ಕಾಗದ ಅವರ ಚೀಲದಲ್ಲೇ ಇತ್ತು. ಆದರೆ ಆ ಕಾಗದ ಕೊಡುವ ಆಫೀಸಿನ ಕಂಪ್ಯೂಟರ್ ಬೇರೆ, ಅತಿಥಿ ಖಾತೆಯ ಕಂಪ್ಯೂಟರ್ ಬೇರೆ. ಒಂದಕ್ಕೆ ಗೊತ್ತಾದದ್ದು ಇನ್ನೊಂದಕ್ಕೆ ತಲುಪುವುದಿಲ್ಲ.

ಎಚ್ಚರಿಕೆಯ ಇಮೇಲ್ ಬಂದಿರಲಿಲ್ಲವೇ? ಬಂದಿತ್ತು. 30 ದಿನ ಮುಂಚೆ, 14 ದಿನ ಮುಂಚೆ, ಹಿಂದಿನ ದಿನ, ಮೂರು ಸಲ. ಮೂರೂ ಹೋದದ್ದು ಸ್ಪಾನ್ಸರ್ ಆಗಿದ್ದ ಪ್ರೊಫೆಸರ್‌ಗೆ. ಅವರು ಬೆಟ್ಟದ ಮೇಲೆ ಸಸ್ಯ ಸಂಗ್ರಹಕ್ಕೆ ಹೋಗಿ ಮೂರು ವಾರವಾಗಿತ್ತು, ಅಲ್ಲಿ ಸಿಗ್ನಲ್ ಇರಲಿಲ್ಲ. ಖಾತೆ ಯಾರದ್ದೋ ಅವರಿಗೇ ಒಂದು ಸಾಲು ಬಂದಿರಲಿಲ್ಲ.

ನಾನು 25 ನಿಮಿಷ ಡ್ರೈವ್ ಮಾಡಿಕೊಂಡು ಹೋದೆ. ಅವರು ಬಾಗಿಲ ಹೊರಗೆ, ಊಟದ ಡಬ್ಬಿ ಎದೆಗೆ ಒತ್ತಿಕೊಂಡು ನಿಂತಿದ್ದರು. ಐಟಿ ಸಹಾಯವಾಣಿಯ ಹುಡುಗ ತುಂಬ ಒಳ್ಳೆಯವನು. ಆದರೆ ಸ್ಪಾನ್ಸರ್ ಒಪ್ಪದೆ ಅವನು ಏನೂ ಮಾಡುವ ಹಾಗಿರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರಿಗೂ ಆ ಅಧಿಕಾರ ಇರಲಿಲ್ಲ. ನನ್ನ ಕಾರ್ಡಿನಿಂದ ಬಾಗಿಲು ತೆಗೆದು, ನಾನೂ ಜೊತೆಗೇ ಒಳಗೆ ನಿಂತೆ. ಹಿಂದಿನ ದಿನಗಳ ಅಂಕಿಗಳೆಲ್ಲ ಅವರ ಲಾಗಿನ್ ಒಳಗೆ ಸಿಕ್ಕಿಕೊಂಡಿದ್ದವು. ಹಾಗಾಗಿ ಪುಸ್ತಕ, ಪೆನ್ನು ಹಿಡಿದೆವು. ಅವರು ಒಂದೊಂದೇ ಕುಂಡ ಎತ್ತಿ ತಕ್ಕಡಿಯ ಮೇಲಿಟ್ಟು, ಅಂಕಿ ನಿಲ್ಲುವವರೆಗೆ ಉಸಿರು ಹಿಡಿದು ಕಾಯುತ್ತಿದ್ದರು. "ಮೂರ ಸಾವಿರದ ಎರಡನೂರಾ ಹನ್ನೊಂದ" ಅಂತ ಹೇಳುವರು, ನಾನು ಬರೆದುಕೊಳ್ಳುವೆ. 48 ಕುಂಡ ಮುಗಿಯುವ ಹೊತ್ತಿಗೆ ಹತ್ತು ಗಂಟೆ. ಭಾನುವಾರವೂ ಹೀಗೇ, ಸೋಮವಾರವೂ ಹೀಗೇ. ಮಂಗಳವಾರ ಜುಲೈ 4, ಇಲ್ಲಿ ಸ್ವಾತಂತ್ರ್ಯ ದಿನದ ರಜೆ. ಬುಧವಾರ ಮಧ್ಯಾಹ್ನ ಖಾತೆ ಮತ್ತೆ ತೆರೆಯಿತು. ಲೆಕ್ಕ ಕೆಡಲಿಲ್ಲ. ಆದರೆ ಆ ಐದು ದಿನ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲ. ತಾನು ಏನೋ ತಪ್ಪು ಮಾಡಿದ್ದೇನೆ, ವೀಸಾಕ್ಕೇ ತೊಂದರೆಯಾಗಬಹುದು ಅಂತ ಹೆದರಿಕೊಂಡಿದ್ದರು. ನನಗೆ ಇವತ್ತಿಗೂ ಬೇಜಾರಿರುವುದು ಅದಕ್ಕೇ.

ಗಡುವು ಬೇಡ ಅಂತ ನಾನು ಹೇಳುತ್ತಿಲ್ಲ. ಎಲ್ಲ ಬಾಗಿಲೂ ಒಂದೇ ಕ್ಷಣಕ್ಕೆ ಮುಚ್ಚಬಾರದು ಅನ್ನುವುದು ನನ್ನ ದೂರು. ನಮ್ಮ ಅರ್ಜಿಯಲ್ಲಿ ಖಾತೆ ಒಂದೇ ಬಗೆ. ತೆಗೆದುಕೊಂಡರೆ ಇಮೇಲ್, ಫೈಲು, ಪ್ರಯೋಗಾಲಯದ ಬಾಗಿಲು, ವೈಫೈ, ಎಲ್ಲ ಬರುತ್ತದೆ. ಮುಗಿದರೆ ಎಲ್ಲ ಹೋಗುತ್ತದೆ. ಫ್ರೀಜರ್ ರಿಪೇರಿಯವರಿಗೆ ಬೇಕಾದ್ದು ನೆಲಮಾಳಿಗೆಯ ಒಂದು ಬಾಗಿಲು. ಅವರಿಗೂ ಒಂದು ಇಮೇಲ್ ಪೆಟ್ಟಿಗೆ ಸಿಗುತ್ತದೆ, ಅದನ್ನು ಅವರು ಒಂದು ದಿನವೂ ತೆರೆಯುವುದಿಲ್ಲ. ಯಾರೂ ನೋಡದ ಪೆಟ್ಟಿಗೆ ಎಷ್ಟು ಅಪಾಯ ಅಂತ ಐಟಿಯವರಿಗೇ ನನಗಿಂತ ಚೆನ್ನಾಗಿ ಗೊತ್ತು. ಆ ಸಂಶೋಧಕಿಗೆ ಇಮೇಲ್ ಒಂದು ವಾರ ನಿಂತಿದ್ದರೂ ನಡೆಯುತ್ತಿತ್ತು. ಬಾಗಿಲು ಮತ್ತು ಫೈಲು ಮಾತ್ರ ಒಂದು ದಿನವೂ ನಿಲ್ಲುವ ಹಾಗಿರಲಿಲ್ಲ. ಯಾರಿಗೆ ಏನು ಬೇಕೋ ಅಷ್ಟೇ ಕೊಡಬೇಕು, ತೆಗೆಯುವಾಗಲೂ ಒಂದೊಂದಾಗಿ ತೆಗೆಯಬೇಕು.

ಪುಸ್ತಕಾಲಯದ ತೊಡಕು ಬೇರೆ ಥರದ್ದು. ವಿಶ್ವವಿದ್ಯಾಲಯಗಳ ಲಾಗಿನ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರ ಹೆಸರಿಗೂ ಅವರು ಯಾರು ಅಂತ ಹೇಳುವ ಒಂದು ಚೀಟಿ ಅಂಟಿರುತ್ತದೆ. ವಿದ್ಯಾರ್ಥಿ, ನೌಕರ, ಮೆಂಬರ್ (ಸಂಸ್ಥೆಗೆ ಸೇರಿದವರು), ಅಫಿಲಿಯೇಟ್ (ಬರೀ ಸಂಬಂಧ ಇರುವ ಹೊರಗಿನವರು), ಹೀಗೆ ಕೆಲವು ನಿಗದಿಯಾದ ಪದಗಳಿವೆ. ಪುಸ್ತಕಾಲಯಕ್ಕೆ ಸುಮ್ಮನೆ ನಡೆದುಕೊಂಡು ಬಂದವರಿಗೂ ಅದರಲ್ಲಿ ಒಂದು ಪದವಿದೆ. ಹೊರಗಿನಿಂದ ಲಾಗಿನ್ ಆಗಿ ಜರ್ನಲ್ ಓದಲು ಹೋದಾಗ ಅಲ್ಲಿ ನೋಡುವುದು ಈ ಚೀಟಿಯನ್ನು. ಮೆಂಬರ್ ಅಂತಿದ್ದರೆ ಬಾಗಿಲು ತೆರೆಯುತ್ತದೆ, ಬರೀ ಅಫಿಲಿಯೇಟ್ ಅಂತಿದ್ದರೆ ಸಾಮಾನ್ಯವಾಗಿ ಇಲ್ಲ. ಪ್ರಕಾಶಕರ ಪರವಾನಗಿಯೇ ಹಾಗಿರುತ್ತದೆ. ನಮ್ಮ ನಿವೃತ್ತ ಪ್ರೊಫೆಸರ್ ಒಬ್ಬರನ್ನು ಹೀಗೆ ತಪ್ಪಾಗಿ ಅಫಿಲಿಯೇಟ್ ಮಾಡಿಬಿಟ್ಟಿದ್ದರು. ಅವರಿಗೆ 80 ದಾಟಿದೆ. ಮನೆಯಲ್ಲಿ ಒಂದು ಲೇಖನವೂ ತೆರೆಯದು. ಪುಸ್ತಕಾಲಯದ ಕಂಪ್ಯೂಟರ್ ಮುಂದೆ ಕೂತರೆ ಮಾತ್ರ ತೆರೆಯುತ್ತದೆ. ಒಂದಿಡೀ ಚಳಿಗಾಲ ಹಿಮದಲ್ಲಿ ಕೋಲೂರಿಕೊಂಡು ಹೋಗಿ ಓದಿದ್ದರು, ಯಾರಿಗೂ ಹೇಳದೆ. ನನಗೆ ಗೊತ್ತಾದದ್ದು ಮಾರ್ಚ್‌ನಲ್ಲಿ. ಪುಸ್ತಕಾಲಯದವರು ಹತ್ತು ನಿಮಿಷದಲ್ಲಿ ಸರಿ ಮಾಡಿಕೊಟ್ಟರು. ಮೂರನೇ ಅಂಕ ಅವರದ್ದು, ಕೇಳಿದರೆ ಯಾವತ್ತೂ ಇಲ್ಲ ಅಂದಿಲ್ಲ.

ಊರಿನಿಂದ ಬರುವವರಿಗೆ ಒಂದೆರಡು ಮಾತು. ನಮ್ಮ ಕಡೆ ಹೆಸರಿನ ಹಿಂದೆ ಇನಿಶಿಯಲ್ ಇರುತ್ತದೆ, ಮನೆತನದ ಹೆಸರು ಎಷ್ಟೋ ಜನರಿಗೆ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಪ್ರೊಫೆಸರ್ ನಿಮ್ಮನ್ನು ಕರೆಯುವ ಹೆಸರಿನಲ್ಲಿ ಅರ್ಜಿ ತುಂಬಿದರೆ, ಇನ್ನೊಂದು ಆಫೀಸು ವೀಸಾ ನೋಡಿ ತುಂಬಿದರೆ, ನೀವು ಇಬ್ಬರಾಗಿಬಿಡುತ್ತೀರಿ. ಒಬ್ಬರಿಗೆ ಕಾರ್ಡ್, ಇನ್ನೊಬ್ಬರಿಗೆ ಇಮೇಲ್. ಬರುವ ಮುಂಚೆಯೇ ಪಾಸ್‌ಪೋರ್ಟಿನ ಪುಟವನ್ನು ವಿಭಾಗದ ಆಫೀಸಿಗೆ ಕಳಿಸಿ, ಇದೇ ರೀತಿ ಬರೆಯಿರಿ ಅಂತ ಹೇಳಿ.

ಪಾಸ್‌ವರ್ಡಿನ ಮೇಲೆ ಲಾಗಿನ್ನಿಗೆ ಎರಡನೇ ಬೀಗವಾಗಿ ನಮ್ಮಲ್ಲಿ ಡ್ಯುವೋ ಅನ್ನುವ ವ್ಯವಸ್ಥೆ ಇದೆ. ಅದಕ್ಕೆ ಊರಿನ ಸಿಮ್‌ನ ಎಸ್‌ಎಂಎಸ್ ನಂಬಿಕೊಳ್ಳಬೇಡಿ. ಆ್ಯಪ್ ಹಾಕಿಕೊಂಡರೆ ಸಿಗ್ನಲ್ ಇಲ್ಲದಿದ್ದರೂ ಅದರೊಳಗೇ ಕೋಡ್ ಸಿಗುತ್ತದೆ. ನಿಮ್ಮ ಸಂಸ್ಥೆಯಲ್ಲಿ ಎಜುರೋಮ್, ಅಂದರೆ ವಿಶ್ವವಿದ್ಯಾಲಯಗಳು ಹಂಚಿಕೊಳ್ಳುವ ವೈಫೈ, ಇದ್ದರೆ ಊರಲ್ಲೇ ಫೋನಿಗೆ ಹಾಕಿಸಿಕೊಂಡು ಬನ್ನಿ. ಭಾರತದಲ್ಲಿ ಅದನ್ನು ಅರ್ನೆಟ್ ಅನ್ನುವ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ, 100ಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತದೆ. ಪಾಸ್‌ವರ್ಡ್ ಸರಿಯೋ ತಪ್ಪೋ ಅಂತ ನೋಡುವುದು ನಿಮ್ಮ ಸಂಸ್ಥೆಯೇ, ಹಾಗಾಗಿ ಇಲ್ಲಿನ ಖಾತೆ ಸಿಗುವ ಮುಂಚೆ, ಬಂದ ದಿನವೇ ವೈಫೈ ಸಿಗುತ್ತದೆ.

2024ರಿಂದ ನಮ್ಮ ಸೇವೆಯಲ್ಲಿ ಎರಡನೇ ಸ್ಪಾನ್ಸರ್ ಹೆಸರು ಸೇರಿಸಬಹುದು. ಆ ಬದಲಾವಣೆಗೆ ನಾನೂ ಒಂದು ಪತ್ರ ಬರೆದಿದ್ದೆ. ಈಗ ನಮ್ಮ ವಿಭಾಗದ 41 ಖಾತೆಗಳಲ್ಲೂ ಎರಡನೇ ಹೆಸರು ನನ್ನದೇ, ಎಲ್ಲರ ಕೊನೆಯ ದಿನವೂ ನನ್ನ ಮೇಜಿನ ಮೇಲಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿದೆ. ಎಚ್ಚರಿಕೆಯ ಇಮೇಲ್ ಇನ್ನೂ ಅತಿಥಿಗೆ ಹೋಗುವುದಿಲ್ಲ. ಅದನ್ನು ಕೇಳಿ ಮೂರು ಸಲ ಬರೆದಿದ್ದೇನೆ, ನಾಲ್ಕನೆಯದು ಈ ವಾರ ಕಳಿಸುತ್ತೇನೆ. ಅಲ್ಲಿಯವರೆಗೆ 30 ದಿನ ಉಳಿದಾಗ ಆಯಾ ಅತಿಥಿಗೆ ನಾನೇ ಬರೆಯುತ್ತೇನೆ. ನಮ್ಮವರಾದರೆ ಕನ್ನಡದಲ್ಲಿ.