ಅಕಾಗೆರಾ ಸಫಾರಿಗೆ ಮುಂಚೆಯೇ ಪೂರ್ತಿ ದುಡ್ಡು ಕಳಿಸಬೇಡಿ

ರುವಾಂಡಾದ ಅಕಾಗೆರಾ ಪಾರ್ಕಿಗೆ ಹೋಗುವವರು ಏಜೆಂಟ್ ಕೈಗೆ ಮುಂಚೆಯೇ ಪೂರ್ತಿ ದುಡ್ಡು ಕೊಡಬೇಡಿ. ದಯವಿಟ್ಟು ಕೊಡಬೇಡಿ. ನಾನು ಕೊಟ್ಟೆ. ಇನ್ನೂ ಹೊಟ್ಟೆ ಉರಿಯುತ್ತಿದೆ.

ಈ ಕಾಡು ನೋಡಬೇಕು ಅನ್ನೋದು ಅಪ್ಪನ ಆಸೆ. 1994ರ ನರಮೇಧದ ನಂತರ ದೇಶಕ್ಕೆ ಮರಳಿದ ಜನ ದನಕರುಗಳ ಜೊತೆ ಅಲ್ಲೇ ನೆಲೆಸಿದರು. ಪಾರ್ಕ್ ಅರ್ಧಕ್ಕಿಂತ ಚಿಕ್ಕದಾಯಿತು, ಸಿಂಹ ಒಂದೂ ಉಳಿಯಲಿಲ್ಲ. 2015ರಲ್ಲಿ ದಕ್ಷಿಣ ಆಫ್ರಿಕಾದಿಂದ 7 ಸಿಂಹ ತಂದು ಬಿಟ್ಟರು. 2017ರಲ್ಲಿ ಕಪ್ಪು ಘೇಂಡಾಮೃಗಗಳೂ ಬಂದವು. ಅಪ್ಪ ಇದನ್ನೆಲ್ಲ ಓದಿಕೊಂಡು, ಪಕ್ಕದ ಮನೆಯವರ ದುರ್ಬೀನು ಕೇಳಿ ತಂದಿದ್ದರು.

ರಾಜಧಾನಿ ಕಿಗಾಲಿಯ ಏಜೆಂಟ್ "ಎಲ್ಲಾ ಸೇರಿ" ಅಂತ ರೇಟ್ ಹೇಳಿದ್ದ. ಜೀಪ್, ಪಾರ್ಕ್ ಫೀಸ್, ಇಹೇಮಾ ಸರೋವರದಲ್ಲಿ ಬೋಟ್. ದಕ್ಷಿಣದ ಗೇಟಲ್ಲಿ ಒಳಗೆ ಹೋಗಿ ಉತ್ತರದ ಗೇಟಲ್ಲಿ ಹೊರಗೆ. ನಮ್ಮ ನಾಗರಹೊಳೆಯಲ್ಲಿ ಟಿಕೆಟ್ ತಗೊಂಡರೆ ಗಾಡಿಯೂ ಅವರದ್ದೇ ಅಲ್ವಾ, ಅದೇ ಅಭ್ಯಾಸದಲ್ಲಿ ನಾನೂ ಜಾಸ್ತಿ ಕೇಳಲಿಲ್ಲ.

ಬೆಳಿಗ್ಗೆ ಬಂದದ್ದು ಸಣ್ಣ ಕಾರು. "ಜೀಪ್ ಗೇಟ್ ಹತ್ತಿರ ಇದೆ" ಅಂದ ಡ್ರೈವರ್. ಇರಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ಎರಡು ಸಲ ಹುಡುಕಿ, "ನಿಮ್ಮ ಹೆಸರಲ್ಲಿ ಏನೂ ಕಟ್ಟಿಲ್ಲ" ಅಂದಳು. ವಿದೇಶಿಯರಿಗೆ ತಲಾ 100 ಡಾಲರ್. ನಾವು ಮೂವರು. ಹಿಂದೆ ಸಾಲು ಬೆಳೆಯುತ್ತಿತ್ತು. ಏಜೆಂಟ್‌ಗೆ ಮೆಸೇಜ್ ಮಾಡಿದೆ.

"ಸರ್, ಪಾರ್ಕ್ ಫೀಸ್ ಯಾವತ್ತೂ ಸೇರಿರಲ್ಲ."

ಅವನೇ ಬರೆದಿದ್ದ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದೆ. "ಅದು ಹಳೇ ರೇಟ್ ಸರ್." ಜೀಪ್ ಎಲ್ಲಿ ಅಂದೆ. "ರಸ್ತೆ ಚೆನ್ನಾಗಿದೆ, ಕಾರೇ ಸಾಕು." ಆಮೇಲೆ ಬರೀ ನೀಲಿ ಟಿಕ್.

ಅಪ್ಪ ಜೇಬಿಗೆ ಕೈ ಹಾಕಿ, "ಹೋಗ್ಲಿ ಬಿಡೋ, ನಾನ್ ಕೊಡ್ತೀನಿ" ಅಂದರು. ಆ ಕ್ಷಣ ನೆನೆದರೆ ಈಗಲೂ ತಲೆ ತಗ್ಗುತ್ತದೆ. ಕರೆದುಕೊಂಡು ಹೋದವನು ನಾನು!

ಕಾರ್ಡಲ್ಲಿ ಕಟ್ಟಿ ಒಳಗೆ ಹೋದೆವು. ಸರೋವರದ ದಡದಿಂದ ನೀರಾನೆ ಕಂಡವು, ಬಬೂನ್ ಕೋತಿಗಳು ಕಂಡವು. ಮಧ್ಯಾಹ್ನಕ್ಕೇ ಡ್ರೈವರ್ ಕಾರು ತಿರುಗಿಸಿದ. ಉತ್ತರದ ದಾರಿಗೆ ಈ ಕಾರು ಆಗಲ್ಲವಂತೆ. ಬಯಲು ಹುಲ್ಲುಗಾವಲು ಇರೋದೇ ಆ ಕಡೆ. ದಕ್ಷಿಣದಲ್ಲಿ ಜಾಸ್ತಿ ಪೊದೆ, ಕುರುಚಲು. ಅಪ್ಪ ದುರ್ಬೀನು ಒರೆಸಿ ಚೀಲದಲ್ಲಿಟ್ಟರು, ಮಾತಾಡಲಿಲ್ಲ.

ರಾತ್ರಿ ಏಜೆಂಟ್ ಉತ್ತರ: "ಪ್ರಾಣಿ ಕಾಣೋದು ಅದೃಷ್ಟ ಸರ್." ನಾನು ಪ್ರಾಣಿ ಕೇಳಲೇ ಇಲ್ಲ ಕಣ್ರೀ. ದುಡ್ಡು ಕೊಟ್ಟ ದಾರಿ ಕೇಳಿದೆ.

ಪ್ರವೇಶ ಫೀಸ್, ಬೋಟ್ ದುಡ್ಡು ಎರಡನ್ನೂ ಪಾರ್ಕಿನವರಿಗೇ ನೇರ ಕಟ್ಟಿ. ಗಾಡಿಯ ಫೋಟೋ, ನಂಬರ್ ಮೊದಲೇ ತರಿಸಿಕೊಳ್ಳಿ. ಯಾವ ಗೇಟಲ್ಲಿ ಹೊರಗೆ ಬರ್ತೀವಿ ಅಂತ ಬರೆಸಿಕೊಳ್ಳಿ. "ಎಲ್ಲಾ ಸೇರಿ" ಅಂದರೆ ಏನೇನು ಅಂತ ಒಂದೊಂದಾಗಿ ಕೇಳಿ.

ನಮ್ಮನ್ನು ಹತ್ತಿಸದ ಬೋಟಿನ ದುಡ್ಡನ್ನೂ ಅವನು ಇವತ್ತಿನವರೆಗೆ ವಾಪಸ್ ಕೊಟ್ಟಿಲ್ಲ.